ಮೂರು ವರ್ಷದ ಮಗು ರಾಜ್ಯ ಆಳಿತಂತೆ: ಇತಿಹಾಸ ಹೇಳಿಕೊಡೋರಿಗೆ ಒಂದು ಬಹಿರಂಗ ಪತ್ರ

ಕನ್ನಡದಲ್ಲಿ ಇತಿಹಾಸ ಹೇಳಿಕೊಡೋ ಎಲ್ಲರಿಗೂ, ಅಂದ್ರೆ ನೋಟ್ಸ್ ಬರೆಯೋರು, ಕೋಚಿಂಗ್ ಕ್ಲಾಸಿನ ಮೇಷ್ಟ್ರುಗಳು, ಕ್ವಿಜ್ ನಡೆಸೋರು, ರಾಜರ ಪಟ್ಟಿ ಮಾಡಿ ಚಾರ್ಟ್ ಪ್ರಿಂಟ್ ಹಾಕಿಸೋರು, ಎಲ್ಲರಿಗೂ ನಮಸ್ಕಾರ.

ಮೊನ್ನೆ ಅಕ್ಕನ ಮಗಳು ಒಂದು ಫೋಟೋ ಕಳಿಸಿದ್ಲು. ಅವಳು ಓದ್ತಿರೋ ನೋಟ್ಸಿನ ಒಂದು ಪೇಜು, ಯಾರದ್ದು ಅಂತ ಹೇಳಲ್ಲ, ನಿಮ್ಮಲ್ಲೇ ಒಬ್ಬರದ್ದು. ಪವಿತ್ರ ರೋಮನ್ ಸಾಮ್ರಾಟರ ಪಟ್ಟಿ, ಅಂದ್ರೆ ಆಗಿನ ಜರ್ಮನಿ, ಇಟಲಿ ಕಡೆ ಆಳಿದವರದ್ದು. ಅದರಲ್ಲಿ ಮೂರನೇ ಒಟ್ಟೊ, ಜನನ 980, ಆಳ್ವಿಕೆ 983ರಿಂದ 1002. ಕೆಳಗೆ ಅವಳ ಪ್ರಶ್ನೆ: ಮಾಮಾ ಇದು ಪ್ರಿಂಟ್ ಮಿಸ್ಟೇಕಾ, ಮೂರು ವರ್ಷದ ಮಗು ಹೆಂಗೆ ಆಳತ್ತೆ?

ಪ್ರಿಂಟ್ ಮಿಸ್ಟೇಕ್ ಅಲ್ಲ ಪುಟ್ಟಿ ಅಂತ ಟೈಪ್ ಮಾಡೋಕೆ ಹೋದೆ, ಆಮೇಲೆ ನಿಲ್ಲಿಸಿದೆ. ಯಾಕಂದ್ರೆ ಯೋಚನೆ ಮಾಡಿದ್ರೆ ಅದು ಮಿಸ್ಟೇಕೇ. ಪ್ರಿಂಟಿಂದಲ್ಲ ಅಷ್ಟೇ. ಅವಳಿಗೆ ರಿಪ್ಲೈ ಮಾಡೋ ಬದಲು ನಿಮಗೇ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ, ಬೇಜಾರ್ ಮಾಡ್ಕೋಬೇಡಿ.

ನಾನಿರೋದು ಜರ್ಮನಿಯ ಕಲೋನ್‌ನಲ್ಲಿ. ಬಾರ್ಬರೋಸಾ ಪ್ಲಾಟ್ಜ್ ಟ್ರಾಮ್ ಸ್ಟಾಪಿಂದ ಸ್ವಲ್ಪ ನಡೆದ್ರೆ ಸೇಂಟ್ ಪ್ಯಾಂಟಲಿಯನ್ ಅಂತ ಒಂದು ಹಳೇ ಚರ್ಚು. ಇಲ್ಲಿಗೆ ಬರೋ ನಮ್ಮವರೆಲ್ಲ ಆ ಎರಡು ಗೋಪುರದ ದೊಡ್ಡ ಕ್ಯಾಥೆಡ್ರಲ್ ಮುಂದೆ ಸೆಲ್ಫಿ ತಗೊಂಡು ಹೊರಟುಬಿಡ್ತಾರೆ, ಈ ಕಡೆ ಯಾರೂ ಬರಲ್ಲ. ಒಳಗೆ ಬಿಳಿ ಅಮೃತಶಿಲೆಯ ಒಂದು ಶವಪೆಟ್ಟಿಗೆ ಇದೆ, ಪೆಟ್ಟಿಗೆ ನಮ್ಮ ಕಾಲದ್ದು, ಅದರ ಒಡತಿ ಸಾವಿರ ವರ್ಷದ ಹಿಂದಿನವಳು. ಹೆಸರು ಥಿಯೋಫಾನು. ನಿಮ್ಮ ಚಾರ್ಟಿನ ಮೂರನೇ ಒಟ್ಟೊನ ತಾಯಿ. ನಿಮ್ಮ ಚಾರ್ಟಿನಲ್ಲಿ ಇಲ್ಲದೇ ಇರೋಳು.

ಇವಳು ಜರ್ಮನಿಯವಳೂ ಅಲ್ಲ. ಕಾನ್‌ಸ್ಟಾಂಟಿನೋಪಲ್‌ನ, ಅಂದ್ರೆ ಈಗಿನ ಇಸ್ತಾಂಬುಲ್‌ನ ಹುಡುಗಿ, ಬೈಜಾಂಟೈನ್ ಅನ್ನೋ ಪೂರ್ವದ ಗ್ರೀಕ್ ಸಾಮ್ರಾಜ್ಯದ ಚಕ್ರವರ್ತಿ ಜಾನ್ ಟ್ಸಿಮಿಸ್ಕೆಸ್‌ನ ಸಂಬಂಧದವಳು, ಅಣ್ಣ ತಮ್ಮಂದಿರ ಕಡೆಯೋ ಹೆಂಡತಿ ಕಡೆಯೋ ಅಂತೂ ಮಗಳೋ ಸೊಸೆಯೋ ಆಗೋ ವರಸೆ. ಅವಳ ಮಾವನಾಗಲಿದ್ದ ಆಗಿನ ಪಶ್ಚಿಮದ ಸಾಮ್ರಾಟ ಮೊದಲನೇ ಒಟ್ಟೊಗೆ ಮಗನಿಗೆ ತರೋಕೆ ಆಸೆ ಇದ್ದಿದ್ದು ಬೇರೆ ಹುಡುಗಿ ಮೇಲೆ, ಅಂದ್ರೆ ಚಕ್ರವರ್ತಿ ಪಟ್ಟದಲ್ಲಿ ಇದ್ದಾಗಲೇ ಅರಮನೆಯ ನೇರಳೆ ಕೋಣೆಯಲ್ಲಿ ಹುಟ್ಟಿದ ಅಸಲಿ ರಾಜಕುಮಾರಿ ಬೇಕು ಅಂತ. ಅದಕ್ಕೇ 968ರಲ್ಲಿ ಕ್ರೆಮೋನಾದ ಬಿಷಪ್ ಲಿಯುಟ್‌ಪ್ರಾಂಡ್‌ನ ಹೆಣ್ಣು ಕೇಳೋಕೆ ಕಳಿಸಿದ್ರು, ಅಲ್ಲಿ ಅವನಿಗೆ ಸಿಕ್ಕ ಮರ್ಯಾದೆ ಯಾವ ಶತ್ರುಗೂ ಬೇಡ. ನಿಮ್ಮಂಥ ಕಾಡುಜನಕ್ಕೆ ನಮ್ಮ ಹುಡುಗಿನ ಕೊಡೋದಾ ಅಂತ ಬೈಸಿಕೊಂಡು, ಕೊಂಡ್ಕೊಂಡಿದ್ದ ನೇರಳೆ ಬಟ್ಟೇನೂ ಕಿತ್ತುಕೊಳ್ಳಿಸಿಕೊಂಡು ವಾಪಸ್ ಬಂದ, ಬಂದವನು ಸಿಟ್ಟಲ್ಲಿ ಅಲ್ಲಿಯ ಊಟ, ಅಲ್ಲಿಯ ವೈನು, ಅಲ್ಲಿಯ ರಾಜನ ಮುಖ ಎಲ್ಲದರ ಮೇಲೂ ಕಿಡಿಕಾರಿ ಒಂದು ರಿಪೋರ್ಟ್ ಬರೆದಿಟ್ಟ. ಆಮೇಲೆ ಅಲ್ಲಿ ರಾಜ ಬದಲಾದ, ಹೊಸಬನಿಗೆ ಪಶ್ಚಿಮದ ಜೊತೆ ಶಾಂತಿ ಬೇಕಿತ್ತು, ಕಳಿಸಿದ್ದು ಥಿಯೋಫಾನುನ. ಬಂದಿಳಿದಾಗ ಒಟ್ಟೊನ ಆಸ್ಥಾನದಲ್ಲಿ ಕೆಲವರು, ನಾವು ಕೇಳಿದ ಹುಡುಗಿ ಇವಳಲ್ಲ, ವಾಪಸ್ ಕಳಿಸಿಬಿಡಿ ಅಂದರಂತೆ. ಹೆಣ್ಣು ನೋಡೋ ಶಾಸ್ತ್ರದಲ್ಲಿ ಗಲಾಟೆ ಮಾಡೋ ಬೀಗರು ಹತ್ತನೇ ಶತಮಾನದಲ್ಲೂ ಇದ್ರು ನೋಡಿ. ಮೊದಲನೇ ಒಟ್ಟೊ ಕೇಳಲಿಲ್ಲ. 972ರ ಏಪ್ರಿಲ್ 14, ರೋಮ್‌ನ ಸೇಂಟ್ ಪೀಟರ್ಸ್‌ನಲ್ಲಿ ಪೋಪ್ ಮದುವೆ ಮಾಡಿಸಿದ, ಹುಡುಗ ಹುಡುಗಿ ಇಬ್ಬರೂ ಹದಿಹರೆಯದವರು.

ಆ ಮದುವೆಯ ಪತ್ರ ಇನ್ನೂ ಇದೆ, ವೋಲ್ಫೆನ್‌ಬ್ಯೂಟೆಲ್‌ನ ಆರ್ಕೈವ್‌ನಲ್ಲಿ. ನೇರಳೆ ಬಣ್ಣದ ಚರ್ಮದ ಹಾಳೆ, ಮೇಲೆ ಬಂಗಾರದ ಅಕ್ಷರ, ಹಿನ್ನೆಲೆಯಲ್ಲಿ ಸಿಂಹ, ಗ್ರಿಫಿನ್ (ಹದ್ದಿನ ತಲೆ, ಸಿಂಹದ ಮೈ ಇರೋ ಕಥೆಯ ಪ್ರಾಣಿ) ಬೇರೆ ಪ್ರಾಣಿಗಳ ಮೇಲೆ ಎರಗೋ ಚಿತ್ರಗಳು. ಲಗ್ನಪತ್ರಿಕೆ ಅಂದ್ರೆ ಹಂಗಿರಬೇಕು. ಆದ್ರೆ ಅದು ಲಗ್ನಪತ್ರಿಕೆ ಅಲ್ಲ, ಆಸ್ತಿಪತ್ರ. ಗಂಡನ ಕಡೆಯಿಂದ ಅವಳಿಗೆ ಏನೇನು ಕೊಟ್ರು ಅಂತ ಲಿಸ್ಟ್ ಇದೆ: ಇಟಲಿಯಲ್ಲಿ ಇಸ್ಟ್ರಿಯಾ, ಪೆಸ್ಕಾರಾ, ಆಲ್ಪ್ಸ್ ಈಚೆ ವಾಲ್ಕರೆನ್, ನಿವೆಲ್ ಮಠ ಅದಕ್ಕೆ ಸೇರಿದ 14,000 ಹಿಡುವಳಿ ಸಮೇತ, ಬೊಪ್ಪಾರ್ಡ್, ಟೀಲ್, ಟಿಲ್ಲೆಡಾ, ನೋರ್ಡ್‌ಹೌಸೆನ್. ಇದನ್ನ ಯಾಕೆ ಹೇಳ್ದೆ ಅಂದ್ರೆ ಮುಂದೆ ವಿಧವೆ ಆದಾಗ ಇವಳು ಬರೀ ಕಣ್ಣೀರು ಇಟ್ಟುಕೊಂಡು ಬಂದವಳಲ್ಲ, ಕೈಯಲ್ಲಿ ನೆಲ ಇತ್ತು. ಗಂಡ ಎರಡನೇ ಒಟ್ಟೊ ಪಟ್ಟಕ್ಕೆ ಬಂದ ಮೇಲೆ ದಾಖಲೆಗಳಲ್ಲಿ ಇವಳನ್ನ ಸಹ-ಸಾಮ್ರಾಜ್ಞಿ, ರಾಜ್ಯದಲ್ಲಿ ಪಾಲುಗಾರ್ತಿ ಅಂತಲೇ ಕರೆದಿದ್ದಾರೆ. ಪ್ಯಾರಿಸ್‌ನ ಕ್ಲೂನಿ ಮ್ಯೂಸಿಯಂನಲ್ಲಿ ಒಂದು ದಂತದ ಫಲಕ ಇದೆ, ಕ್ರಿಸ್ತ ಮಧ್ಯ ನಿಂತು ಗಂಡ ಹೆಂಡತಿ ಇಬ್ಬರ ತಲೆ ಮೇಲೂ ಕೈಯಿಟ್ಟಿದ್ದಾನೆ, ಇಬ್ಬರೂ ಒಂದೇ ಎತ್ತರ.

ಈಗ 983ಕ್ಕೆ ಬರೋಣ. ನಮ್ಮ ಕಡೆ ಲೆಕ್ಕ ಬೇಕು ಅಂದ್ರೆ ಚಾವುಂಡರಾಯ ಶ್ರವಣಬೆಳಗೊಳದಲ್ಲಿ ಗೊಮ್ಮಟನ್ನ ನಿಲ್ಲಿಸಿದ ಆಸುಪಾಸಿನ ವರ್ಷಗಳು. ಎರಡನೇ ಒಟ್ಟೊಗೆ ಟೈಮ್ ಸರಿ ಇರಲಿಲ್ಲ. ಹಿಂದಿನ ವರ್ಷ ದಕ್ಷಿಣ ಇಟಲಿಯಲ್ಲಿ ಅರಬ್ ಸೈನ್ಯದ ಎದುರು ಸೋತು, ಸಮುದ್ರಕ್ಕೆ ಇಳಿದು ಒಂದು ಗ್ರೀಕ್ ಹಡಗು ಹತ್ತಿ ಜೀವ ಉಳಿಸಿಕೊಂಡಿದ್ದ. 983ರ ಬೇಸಿಗೆಯಲ್ಲಿ ಈ ಕಡೆ ಎಲ್ಬೆ ನದಿಯಾಚೆ ಸ್ಲಾವ್ ಜನ ದಂಗೆ ಎದ್ದು ಹಾವೆಲ್‌ಬರ್ಗ್, ಬ್ರಾಂಡೆನ್‌ಬರ್ಗ್ ಎರಡೂ ಬಿಷಪ್ ಪೀಠ ಕಿತ್ತು ಹಾಕಿದ್ರು. ಮಗನ್ನ ಮುಂದಿನ ರಾಜ ಅಂತ ವೆರೋನಾದಲ್ಲಿ ಒಪ್ಪಿಸಿ, ಪಟ್ಟಾಭಿಷೇಕಕ್ಕೆ ಅಂತ ಆಲ್ಪ್ಸ್ ದಾಟಿಸಿ ಜರ್ಮನಿಯ ಆಹೆನ್‌ಗೆ ಕಳಿಸಿದ, ತಾನು ಹೆಂಡತಿ ಜೊತೆ ಇಟಲಿಯಲ್ಲೇ ಉಳಿದ. ಡಿಸೆಂಬರ್ 7ಕ್ಕೆ ರೋಮ್‌ನಲ್ಲಿ ಜ್ವರ ಬಂದು ಸತ್ತ. ವಯಸ್ಸು 28. ಡಿಸೆಂಬರ್ 25ಕ್ಕೆ ಆಹೆನ್‌ನಲ್ಲಿ ಮೂರೂವರೆ ವರ್ಷದ ಮಗುಗೆ ಕಿರೀಟ ಇಟ್ರು, ಅಪ್ಪ ಹೋಗಿ ಹದಿನೆಂಟು ದಿನ ಆಗಿದೆ ಅಂತ ಅಲ್ಲಿ ಯಾರಿಗೂ ಗೊತ್ತಿಲ್ಲ. ಸಮಾರಂಭ ಮುಗೀತು, ಹಿಂದೇನೇ ಸುದ್ದಿ ಬಂತು.

ಅಮ್ಮ ರೋಮ್‌ನಲ್ಲಿ, ಮಗು ಆಹೆನ್‌ನಲ್ಲಿ, ಮಧ್ಯ ಚಳಿಗಾಲದ ಆಲ್ಪ್ಸ್. ಇಷ್ಟು ಓದಿದ ಯಾವ ಹಳ್ಳಿಯವರಿಗಾದ್ರೂ ಮುಂದೇನಾಗತ್ತೆ ಅಂತ ನಾನು ಹೇಳಬೇಕಿಲ್ಲ. ದಾಯಾದಿ ಬರ್ತಾನೆ.

ಬಂದ. ಹೆಸರು ಹೆನ್ರಿ, ಬವೇರಿಯಾದ ಡ್ಯೂಕ್ ಆಗಿದ್ದವನು, ಸತ್ತ ರಾಜನ ಚಿಕ್ಕಪ್ಪನ ಮಗ. ಇತಿಹಾಸದಲ್ಲಿ ಅವನಿಗಿರೋ ಅಡ್ಡಹೆಸರೇ ಜಗಳಗಂಟ. ಹಿಂದೆ ದಂಗೆ ಎದ್ದಿದ್ದಕ್ಕೆ ಉಟ್ರೆಕ್ಟ್‌ನ ಬಿಷಪ್ ಕಸ್ಟಡಿಯಲ್ಲಿ ಇಟ್ಟಿದ್ರು, ರಾಜ ಸತ್ತ ಅಂದ ಕೂಡಲೇ ಬಿಷಪ್ಪೇ ಬಿಟ್ಟುಬಿಟ್ಟ. ನೆಟ್ಟಗೆ ಮಗುನ ನೋಡಿಕೊಳ್ತಿದ್ದ ಕಲೋನ್‌ನ ಆರ್ಚ್‌ಬಿಷಪ್ ಹತ್ರ ಹೋದ, ಗಂಡು ಸಂಬಂಧಿಕರಲ್ಲಿ ಹತ್ತಿರದವನು ನಾನೇ, ಮಗುನ ನಾನು ನೋಡ್ಕೋತೀನಿ ಅಂದ, ಅವರೂ ಕೊಟ್ಟು ಕಳಿಸಿದ್ರು. ಇದು ಅಪಹರಣ ಅಂತ ಬರೆಯೋರಿದಾರೆ, ಆದ್ರೆ ಭಯ ಹುಟ್ಟಿಸೋ ವಿಷಯ ಅಂದ್ರೆ ಅವತ್ತಿನ ಪದ್ಧತಿ ಪ್ರಕಾರ ಅವನು ಹೇಳಿದ್ದರಲ್ಲಿ ಅಂಥಾ ತಪ್ಪಿರಲಿಲ್ಲ. ತಂದೆ ಇಲ್ಲದ ಮಗುಗೆ ಹತ್ತಿರದ ಗಂಡಸೇ ದಿಕ್ಕು. ಮಗುನ ನೋಡ್ಕೋತೀನಿ ಅಂದವನು 984ರ ಈಸ್ಟರ್ ಹಬ್ಬಕ್ಕೆ ಕ್ವೆಡ್ಲಿನ್‌ಬರ್ಗ್‌ನಲ್ಲಿ ಕೂತು ತನ್ನ ಕಡೆಯವರ ಬಾಯಲ್ಲಿ ರಾಜಾ ಅಂತ ಕರೆಸಿಕೊಂಡ. ಪೋಲೆಂಡ್, ಬೊಹೆಮಿಯಾದ ದೊರೆಗಳೂ ಅಲ್ಲಿಗೆ ಬಂದು ಕೈಮುಗಿದ್ರು.

ಇಲ್ಲಿ ನನ್ನ ಮನೆ ವಿಷಯ ಒಂದು ಹೇಳ್ತೀನಿ. ನಮ್ಮದು ಸಾಗರದ ಕಡೆ, ಎರಡೆಕರೆ ಅಡಿಕೆ ತೋಟ. ಅಪ್ಪ ಹೋದಾಗ ನನಗೆ ಏಳು ವರ್ಷ. ತಿಥಿ ಊಟ ಮುಗಿದ ಸಂಜೆ ಮನೆ ಜಗಲಿ ಮೇಲೆ ನೆಂಟರಲ್ಲಿ ಒಬ್ಬರು ಅಂದ ಮಾತು ನನಗೆ ಈಗಲೂ ನೆನಪಿದೆ, ಮಾಣಿನ ನಾವು ನೋಡ್ಕೋತೀವಿ ನೀನು ಒಂದು ಸಹಿ ಹಾಕು ಅಂತ. ಅಮ್ಮ ಹಾಕಲಿಲ್ಲ. ಖಾತೆ ಬದಲಾವಣೆ ಆದಾಗ ಪಹಣಿಯಲ್ಲಿ ನನ್ನ ಹೆಸರು ಬಂತು, ಪಕ್ಕದಲ್ಲಿ ಮೈನರ್, ಗಾರ್ಡಿಯನ್ ತಾಯಿ ಅಂತ ಸಣ್ಣ ಅಕ್ಷರ. ಹನ್ನೊಂದು ವರ್ಷ ಕೊಳೆರೋಗಕ್ಕೆ ಮದ್ದು ಹೊಡೆಸಿದ್ದು, ಕೊನೆ ಇಳಿಸೋರನ್ನ ಹುಡುಕಿದ್ದು, ಸೊಸೈಟಿ ಸಾಲ ತೀರಿಸಿದ್ದು, ಮಂಡಿಯಲ್ಲಿ ರೇಟಿಗೆ ಜಗಳ ಆಡಿದ್ದು ಎಲ್ಲ ಆ ಸಣ್ಣ ಅಕ್ಷರ. ಊರಲ್ಲಿ ಈಗಲೂ ಆ ತೋಟಕ್ಕೆ ನನ್ನ ಹೆಸರಲ್ಲೇ ಕರೀತಾರೆ, ನಾನು ಅಲ್ಲಿ ಒಂದು ಸಸಿನೂ ನೆಟ್ಟವನಲ್ಲ. ಸೇಂಟ್ ಪ್ಯಾಂಟಲಿಯನ್‌ಗೆ ನಾನು ಯಾಕೆ ಮತ್ತೆ ಮತ್ತೆ ಹೋಗ್ತೀನಿ ಅಂತ ಜೊತೆ ಕೆಲಸ ಮಾಡೋರು ಕೇಳಿದಾಗ ಇಷ್ಟೆಲ್ಲ ಜರ್ಮನ್‌ನಲ್ಲಿ ಹೇಳೋಕೆ ನನಗೆ ಬರಲ್ಲ.

ಸರಿ, ವಾಪಸ್ 984ಕ್ಕೆ. ಥಿಯೋಫಾನು ಅತ್ತೆ ಅಡೆಲ್‌ಹೈಡ್ ಜೊತೆ ಇಟಲಿಯ ಪಾವಿಯಾದಲ್ಲಿ ಸೇರಿಕೊಂಡಳು. ಅತ್ತೆ ಸೊಸೆ ಅಂದ ಕೂಡಲೇ ನಿಮ್ಮಲ್ಲಿ ಕೆಲವರಿಗೆ ಸೀರಿಯಲ್ ಮ್ಯೂಸಿಕ್ ಶುರುವಾಗತ್ತೆ ಅಂತ ಗೊತ್ತು, ಸ್ವಲ್ಪ ತಡೀರಿ. ಇಬ್ಬರಿಗೂ ಆಗ್ತಿರಲಿಲ್ಲ ಅನ್ನೋದು ನಿಜ, ಆದ್ರೆ ಆ ವರ್ಷ ಇಬ್ಬರೂ ಒಟ್ಟಿಗೆ ನಿಂತ್ರು, ಈ ಕಡೆ ಮೈನ್ಜ್‌ನ ಆರ್ಚ್‌ಬಿಷಪ್ ವಿಲ್ಲಿಗಿಸ್ ಜರ್ಮನಿಯ ದೊಡ್ಡವರನ್ನ ಒಬ್ಬೊಬ್ಬರನ್ನಾಗಿ ಮಗುವಿನ ಕಡೆ ತಿರುಗಿಸಿದ, ಆ ಕಡೆ ಗೆರ್ಬರ್ಟ್ ಅನ್ನೋ ಮೇಧಾವಿ, ಮುಂದೆ ಪೋಪ್ ಆದವನು, ಕಂಡಕಂಡವರಿಗೆಲ್ಲ ಪತ್ರ ಬರೆದು ಬರೆದು ಲಾಬಿ ಮಾಡಿದ. ಜೂನ್ 29ಕ್ಕೆ ರೋರ್ ಅನ್ನೋ ಜಾಗದಲ್ಲಿ ಸಭೆ. ಹೆನ್ರಿ ಮಗುನ ತಾಯಿ ಕೈಗೆ ಕೊಟ್ಟ. ಯುದ್ಧ ಇಲ್ಲ, ರಕ್ತ ಇಲ್ಲ.

ಆಮೇಲೆ ಅವಳು ಮಾಡಿದ ಕೆಲಸ ನೋಡಿ, ನನಗೆ ಬಹಳ ಇಷ್ಟ ಆಗೋ ಭಾಗ ಇದು. ಹೆನ್ರಿ ತಲೆ ತೆಗೆಸಲಿಲ್ಲ, ಕಣ್ಣು ಕೀಳಿಸಲಿಲ್ಲ. ಅವಳು ಬಂದ ಊರಲ್ಲಿ ಕಣ್ಣು ಕೀಳಿಸೋದು ಮಾಮೂಲಿ, ಅಲ್ಲಿಯ ಐರೀನ್ ಅನ್ನೋ ಸಾಮ್ರಾಜ್ಞಿ ಮಗನಿಗೋಸ್ಕರ ಆಳ್ತಾ ಆಳ್ತಾ ಕೊನೆಗೆ 797ರಲ್ಲಿ ಮಗನ ಕಣ್ಣನ್ನೇ ಕೀಳಿಸಿದ್ಲು. ಥಿಯೋಫಾನು ಹೆನ್ರಿಗೆ 985ರಲ್ಲಿ ಬವೇರಿಯಾ ವಾಪಸ್ ಕೊಟ್ಟಳು. ಕೊಟ್ಟು, ಮುಂದಿನ ವರ್ಷದ ಈಸ್ಟರ್‌ಗೆ, ಅದೇ ಕ್ವೆಡ್ಲಿನ್‌ಬರ್ಗ್‌ನಲ್ಲಿ, ಎರಡು ವರ್ಷದ ಹಿಂದೆ ಅವನು ರಾಜಾ ಅಂತ ಕರೆಸಿಕೊಂಡ ಅದೇ ಜಾಗದಲ್ಲಿ ಒಂದು ಔತಣ ಮಾಡಿಸಿದಳು. ಐದು ವರ್ಷದ ಮಗು ಸಿಂಹಾಸನದಲ್ಲಿ. ನಾಲ್ಕು ಜನ ಡ್ಯೂಕ್‌ಗಳು ಸೇವೆಗೆ ನಿಂತ್ರು, ಒಬ್ಬ ಕೋಣೆ ಮೇಲ್ವಿಚಾರಣೆ, ಒಬ್ಬ ಪಾನೀಯ, ಒಬ್ಬ ಕುದುರೆ ಲಾಯ, ಊಟದ ಮೇಜಿನ ಉಸ್ತುವಾರಿ ಮಾತ್ರ ಹೆನ್ರಿದು. ಬಡಿಸೋ ಕೆಲಸ! ಅವನು ಮುಂದೆ ಸಾಯೋವರೆಗೂ ಬಾಲ ಬಿಚ್ಚಲಿಲ್ಲ. ಪೋಲೆಂಡ್‌ನ ಮಿಯೆಸ್ಕೋನೂ ಆ ಹಬ್ಬಕ್ಕೆ ಬಂದಿದ್ದ, ಈ ಸಲ ಮಗುಗೆ ಕೈಮುಗಿದು, ಜೊತೆಗೆ ಒಂದು ಒಂಟೆ ಕಾಣಿಕೆ ಕೊಟ್ಟ. ಹೌದು ಒಂಟೆ. ಜರ್ಮನಿಯ ಚಳಿಯಲ್ಲಿ ಐದು ವರ್ಷದ ಹುಡುಗನಿಗೆ ಒಂಟೆ. ಆಳ್ವಿಕೆ ಅಂತ ಬರೆಯೋದಾದ್ರೆ ಅವನ ಪಾಲಿನ ಆಳ್ವಿಕೆ ಅವತ್ತು ಅದೇ ಇದ್ದಿರಬೇಕು, ಒಂಟೆ ನೋಡೋದು.

ಉಳಿದಿದ್ದು ಅಮ್ಮಂದು. ಪಶ್ಚಿಮದಲ್ಲಿ ಫ್ರಾನ್ಸಿನ ರಾಜ ಲೊಥೇರ್ ಇದೇ ಟೈಮು ಅಂತ ವರ್ಡನ್ ಹಿಡಿದು ಗಡಿ ಸೀಮೆ ಲೊರೇನ್ ನುಂಗೋಕೆ ಹೊಂಚು ಹಾಕಿದ್ದ, ಅದನ್ನ ಸಂಭಾಳಿಸಿದ್ದು ಬಹುಪಾಲು ಮಾತುಕತೆಯಲ್ಲೇ. ಆ ಮಾತುಕತೆಯಲ್ಲಿ ಯಾರ್ಯಾರು ಅಂತ ನೋಡಿದ್ರೆ ಮಜಾ ಇದೆ: ಮೇಲಿನ ಲೊರೇನ್‌ನಲ್ಲಿ ಬಿಯಾಟ್ರಿಸ್ ಅಂತ ಇನ್ನೊಬ್ಬ ವಿಧವೆ, ಅವಳೂ ಚಿಕ್ಕ ಮಗನ ಪರವಾಗಿ ಆಳ್ತಿದ್ದವಳು, ಫ್ರಾನ್ಸಿನ ರಾಣಿ ಎಮ್ಮಾ ನಮ್ಮ ಅಡೆಲ್‌ಹೈಡ್‌ನ ಮಗಳು. ಗೆರ್ಬರ್ಟ್ ತನ್ನ ಪತ್ರದಲ್ಲಿ ಮೆಟ್ಜ್‌ನಲ್ಲಿ ಆಗಬೇಕಿದ್ದ ಒಂದು ಸಭೆಗೆ ಕೊಟ್ಟ ಹೆಸರೇ ಹೆಂಗಸರ ಸಭೆ ಅಂತ. 985ರಲ್ಲಿ ಯುರೋಪಿನ ಅರ್ಧ ಭಾಗದ ಗಡಿ ಗಲಾಟೆ ಬಗೆಹರಿಸೋಕೆ ಹೆಂಗಸರ ಸಭೆ! ಇದನ್ನ ನಿಮ್ಮ ನೋಟ್ಸಲ್ಲಿ ಎಲ್ಲೂ ನೋಡಿಲ್ಲ ನಾನು, ಹ್ಯೂ ಕಪೆಟ್ 987ರಲ್ಲಿ ಫ್ರಾನ್ಸಿಗೆ ರಾಜನಾದ ಅಂತ ಮಾತ್ರ ಇರತ್ತೆ, ದಪ್ಪಕ್ಷರದಲ್ಲಿ. ಪೂರ್ವದಲ್ಲಿ ಸ್ಲಾವ್‌ರ ಮೇಲೆ ವರ್ಷಕ್ಕೊಂದು ದಂಡಯಾತ್ರೆ, 986ರಲ್ಲಿ ಮಗುನೂ ಜೊತೆಗೆ ಕರೆದುಕೊಂಡು ಹೋದ್ರು, ರಾಜ ಇದ್ದಾನೆ ಅಂತ ಸೈನ್ಯಕ್ಕೆ ಕಾಣಬೇಕಲ್ಲ.

ದಾಖಲೆಗಳು ಹೆಂಗೆ ಬರೀತಿದ್ರು ಅನ್ನೋದೇ ನಿಮ್ಮ ಚಾರ್ಟಿನ ಮಿಸ್ಟೇಕಿನ ಮೂಲ, ಅದನ್ನ ಹೇಳಿಬಿಡ್ತೀನಿ. ಆಗಿನ ಜರ್ಮನಿಯಲ್ಲಿ ರೀಜೆಂಟ್ ಅಂತ ಒಂದು ಹುದ್ದೆನೇ ಇರಲಿಲ್ಲ, ರಾಜಪ್ರತಿನಿಧಿ ಅಂತ ನಾವು ಈಗ ಹೇಳೋ ಪದಕ್ಕೆ ಅವತ್ತು ಅಲ್ಲಿ ಜಾಗ ಇಲ್ಲ. ರಾಜ ಅಂದ್ರೆ ರಾಜ, ತೊಟ್ಟಿಲಲ್ಲಿದ್ರೂ ರಾಜ. ಹಂಗಾಗಿ ದಾನಪತ್ರ, ನೇಮಕಾತಿ ಎಲ್ಲ ಹೊರಡೋದು ಮಗುವಿನ ಹೆಸರಲ್ಲಿ, ಒಟ್ಟೊ ಆದ ನಾನು ಇಂಥವರಿಗೆ ಇಂಥದ್ದು ಕೊಟ್ಟಿದ್ದೇನೆ, ನಮ್ಮ ಪ್ರೀತಿಯ ತಾಯಿಯ ಕೋರಿಕೆ ಮೇರೆಗೆ ಅಂತ. ಕೋರಿಕೆ ಅಂತೆ! ಅಕ್ಷರ ಕಲಿಯದ ಮಗು ಮುಂದೆ ಸಾಮ್ರಾಜ್ಞಿ ಕೈಜೋಡಿಸಿ ಕೋರಿಕೆ ಇಟ್ಟಳಂತೆ, ಅದು ದೊಡ್ಡ ಮನಸ್ಸು ಮಾಡಿ ಒಪ್ಪಿತಂತೆ. ಅದು ದಾಖಲೆಯ ಭಾಷೆ, ಪಹಣಿಯ ಭಾಷೆ ಥರ, ಕಾನೂನಿಗೆ ಹಂಗೇ ಬೇಕು, ಅವತ್ತಿನ ಗುಮಾಸ್ತರ ಮೇಲೆ ನನಗೇನೂ ಸಿಟ್ಟಿಲ್ಲ. ಆದ್ರೆ ಸಾವಿರ ವರ್ಷ ಆದ ಮೇಲೆ ನೀವು ಮೈಸೂರಲ್ಲೋ ಧಾರವಾಡದಲ್ಲೋ ಕೂತು ಅದನ್ನೇ ನಿಜ ಅಂತ ಕಾಪಿ ಮಾಡೋದು ಯಾಕೆ?

ಅವಳು ಆಲ್ಪ್ಸ್ ದಾಟಿ ಆ ಕಡೆ ಹೋದ ಕೂಡಲೇ ಈ ನಾಟಕ ಬಿದ್ದುಹೋಗತ್ತೆ ಅನ್ನೋದು ಮಜಾ. 989ರಲ್ಲಿ ಇಟಲಿಗೆ ಹೋದ್ಲು, ಮಗನ್ನ ಜರ್ಮನಿಯಲ್ಲೇ ಬಿಟ್ಟು. ಅಲ್ಲಿ ಮಗನಿಗೆ ಇನ್ನೂ ಸಾಮ್ರಾಟ ಪಟ್ಟ ಇಲ್ಲ, ಅದು ಬಂದಿದ್ದು 996ಕ್ಕೆ, ಆದ್ರೆ ಇವಳಿಗೆ 972ರಿಂದಲೂ ಸಾಮ್ರಾಜ್ಞಿ ಕಿರೀಟ ಇದೆ. ಹಂಗಾಗಿ ತನ್ನ ಹೆಸರಲ್ಲೇ ಆದೇಶ ಹೊರಡಿಸಿದಳು. 990ರಲ್ಲಿ ರವೆನ್ನಾದಲ್ಲಿ ಹೊರಟ ಒಂದು ಪತ್ರದಲ್ಲಿ ಹೆಸರು ಥಿಯೋಫಾನಿಯುಸ್ ಅಂತಿದೆ, ಪದವಿ ಇಂಪೆರಾಟರ್ ಆಗುಸ್ಟುಸ್. ಲ್ಯಾಟಿನ್ ಬರದೇ ಇರೋರಿಗೆ: ಎರಡೂ ಪುಲ್ಲಿಂಗ. ಸಾಮ್ರಾಜ್ಞಿ ಅಲ್ಲ, ಸಾಮ್ರಾಟ. ಬರೆದವನ ಕೈತಪ್ಪು ಅಂತ ವಾದ ಮಾಡೋ ವಿದ್ವಾಂಸರಿದಾರೆ. ಇರಬಹುದು. ಆದ್ರೆ ಹೆಸರಲ್ಲೂ ಕೈತಪ್ಪಿ, ಪದವಿಯಲ್ಲೂ ಕೈತಪ್ಪಿ, ಅಷ್ಟು ಸಾಲದು ಅಂತ ತಾರೀಕು ಹಾಕುವಾಗ ಈ ಸಾಮ್ರಾಟರ ಆಳ್ವಿಕೆಯ ಹದಿನೆಂಟನೇ ವರ್ಷ ಅಂತ ಅವಳ ಮದುವೆ ವರ್ಷದಿಂದ ಲೆಕ್ಕ ಹಾಕಿ ಬರೆದ ಆ ಗುಮಾಸ್ತನ ಕೈ ಅದೆಂಥಾ ಕೈ ಮಾರಾಯ್ರೇ. ಅವಳು ಹುಟ್ಟಿದ ದೇಶದಲ್ಲಿ ಗಂಡ ಸತ್ತ ರಾಣಿ ಮಗನ ಪರವಾಗಿ ಕೂರೋದು ಹೊಸದೇನಲ್ಲ, 780ರಲ್ಲಿ ಐರೀನ್, 842ರಲ್ಲಿ ಥಿಯೋಡೋರಾ, 914ರಲ್ಲಿ ಜೊಯಿ, ಇವಳು ಚಿಕ್ಕವಳಿದ್ದಾಗ 963ರಲ್ಲಿ ಇವಳದೇ ಹೆಸರಿನ ಇನ್ನೊಬ್ಬ ಥಿಯೋಫಾನೊ. ಆ ಥಿಯೋಫಾನೊ ತನಗೂ ಇಬ್ಬರು ಗಂಡುಮಕ್ಕಳಿಗೂ ರಕ್ಷಣೆಗೆ ಅಂತ ದಂಡನಾಯಕನ್ನ ಮದುವೆ ಆಗಿ, ಆಮೇಲೆ ಅವನ ಕೊಲೆ ಸಂಚಿನಲ್ಲೂ ಸೇರಿದಳು, ಆದ್ರೆ ಕೊಲೆ ಮಾಡಿದವನೇ ಪಟ್ಟಕ್ಕೆ ಬಂದು ಅವಳನ್ನ ಊರಿಂದಾಚೆ ಅಟ್ಟಿದ. ಆ ಪಟ್ಟಕ್ಕೆ ಬಂದವನೇ ಟ್ಸಿಮಿಸ್ಕೆಸ್. ಅಂದ್ರೆ ನಮ್ಮ ಥಿಯೋಫಾನುನ ಜರ್ಮನಿಗೆ ಕಳಿಸಿಕೊಟ್ಟವನು! ವಿಧವೆ ರಾಣಿ ಇನ್ನೊಂದು ಮದುವೆ ಆದ್ರೆ ಏನಾಗತ್ತೆ ಅನ್ನೋ ಪಾಠ ಅವಳಿಗೆ ಮನೆಯಲ್ಲೇ ಆಗಿತ್ತು. ಅವಳು ಮತ್ತೆ ಮದುವೆ ಆಗಲಿಲ್ಲ.

991ರ ಜೂನ್ 15ಕ್ಕೆ ನೈಮೇಗನ್‌ನಲ್ಲಿ ತೀರಿಕೊಂಡ್ಲು. ಮೂವತ್ತರ ಆಸುಪಾಸು ವಯಸ್ಸು. ಮಗನಿಗೆ ಇನ್ನೂ ಹನ್ನೊಂದು ತುಂಬಿಲ್ಲ. ಆಗ ಅತ್ತೆ ಅಡೆಲ್‌ಹೈಡ್ ಬಂದು ಕೂತಳು, 994ರವರೆಗೆ. ಈಗ ಲೆಕ್ಕ ಹಾಕಿ. ನಿಮ್ಮ ಚಾರ್ಟ್ ಪ್ರಕಾರ ಮೂರನೇ ಒಟ್ಟೊ 983ರ ಕೊನೆಯಿಂದ 1002ರ ಜನವರಿವರೆಗೆ, ಹದಿನೆಂಟು ವರ್ಷ. ಅದರಲ್ಲಿ ಮೊದಲ ಆರು ತಿಂಗಳು ಹೆನ್ರಿಯ ಕಿತಾಪತಿ, ಆಮೇಲೆ ಹತ್ತು ವರ್ಷ ಅಮ್ಮ ಮತ್ತೆ ಅಜ್ಜಿ. ಹುಡುಗ ಸ್ವಂತ ಆಳಿದ್ದು ಅರ್ಧಕ್ಕಿಂತ ಕಮ್ಮಿ, ಇಪ್ಪತ್ತೊಂದನೇ ವಯಸ್ಸಿಗೆ ಇಟಲಿಯಲ್ಲಿ ಅವನೂ ಸತ್ತ. ಅವನ ನಂತರ ಪಟ್ಟಕ್ಕೆ ಬಂದಿದ್ದು ಯಾರು ಗೊತ್ತಾ, ಮೇಜಿಗೆ ಬಡಿಸಿದ ಆ ಹೆನ್ರಿಯ ಮಗ. ದಾಯಾದಿಗಳ ತಾಳ್ಮೆ ದೊಡ್ಡದು.

ಅವಳ ಬಗ್ಗೆ ಆಮೇಲಿನವರು ಬರೆದಿದ್ದು ನೋಡಿದ್ರೆ ನಿಮ್ಮ ನೋಟ್ಸೇ ವಾಸಿ ಅನ್ನಿಸಿಬಿಡತ್ತೆ. ಕ್ಲೂನಿಯ ಮಠಾಧಿಪತಿ ಒಡಿಲೊ ಅಡೆಲ್‌ಹೈಡ್‌ನ ಹೊಗಳೋಕೆ ಪುಸ್ತಕ ಬರೆದ, ಸೊಸೆನ ಆ ಗ್ರೀಕಳು ಅಂತ ಕರೆದ. ನಾನಿನ್ನೊಂದು ವರ್ಷ ಬದುಕಿದ್ರೆ ಅತ್ತೆಗೆ ಅಂಗೈಯಗಲ ಜಾಗದ ಮೇಲೂ ಅಧಿಕಾರ ಉಳಿಸಲ್ಲ ಅಂತ ಸೊಸೆ ಅಂದಳಂತೆ, ನಾಲ್ಕು ವಾರದೊಳಗೆ ಸತ್ತಳಂತೆ, ಬಾಯಿ ಬಿಟ್ಟಿದ್ದಕ್ಕೆ ದೇವರು ಕೊಟ್ಟ ಶಿಕ್ಷೆ ಅನ್ನೋ ಧಾಟಿ. ಹನ್ನೊಂದನೇ ಶತಮಾನದಲ್ಲಿ ಓಟ್ಲೋ ಅನ್ನೋ ಸನ್ಯಾಸಿ ಇನ್ನೂ ಮುಂದೆ ಹೋದ: ಒಬ್ಬ ಸನ್ಯಾಸಿನಿಗೆ ಕನಸಲ್ಲಿ ಥಿಯೋಫಾನು ಕಂಡಳಂತೆ, ನರಕಯಾತನೆ ಅನುಭವಿಸ್ತಾ, ಯಾಕೆ ಅಂದ್ರೆ ಬೇಡದ ಒಡವೆ ವಸ್ತ್ರದ ಷೋಕಿನೆಲ್ಲ ಇಲ್ಲಿಯ ಹೆಂಗಸರಿಗೆ ಕಲಿಸಿಬಿಟ್ಟೆ ಅಂತ. ಏಳು ವರ್ಷ ಸಾಮ್ರಾಜ್ಯ ಕಾಪಾಡಿದವಳಿಗೆ ನರಕ ಸಿಕ್ಕಿದ್ದು ಫ್ಯಾಷನ್ನಿಗೆ! ಮಗನಿಗೆ ಮೇಷ್ಟ್ರಾಗಿದ್ದ ಗ್ರೀಕ್ ಪಾದ್ರಿ ಜೊತೆ ಸಂಬಂಧ ಕಟ್ಟಿದ ಗಾಸಿಪ್ಪೂ ಬಂತು, ಅದು ಬರದೇ ಇದ್ದಿದ್ರೆ ಆಶ್ಚರ್ಯ ಪಡಬೇಕಿತ್ತು.

ಆದ್ರೆ ನನ್ನ ಮುಖ್ಯ ತಕರಾರು ಬೈದವರ ಮೇಲಲ್ಲ. ಹೊಗಳಿದವನ ಮೇಲೆ. ಮೆರ್ಸೆಬರ್ಗ್‌ನ ಬಿಷಪ್ ಥೀಟ್‌ಮಾರ್, ಅವಳ ಕಾಲಕ್ಕೆ ಹತ್ತಿರದವನು, ಒಳ್ಳೆ ಬರಹಗಾರ, ಒಂಟೆ ವಿಷಯ, ಔತಣದ ವಿಷಯ ಎಲ್ಲ ನಮಗೆ ಸಿಕ್ಕಿರೋದು ಅವನಿಂದಲೇ. ಅವನು ಅವಳ ಬಗ್ಗೆ ಬರೆದ ಮಾತಿನ ಸಾರ ಇಷ್ಟು: ಅಬಲೆಯ ಜಾತಿಯಾದರೂ, ಗ್ರೀಸಿನಲ್ಲಿ ಅಪರೂಪವಾದ ಒಳ್ಳೆ ನಡತೆಯವಳು, ಮಗನ ರಾಜ್ಯವನ್ನ ಗಂಡಸಿನ ಎಚ್ಚರದಿಂದ ಕಾಯ್ದಳು. ಆದರೂ ಅನ್ನೋದನ್ನ ನೋಡಿ. ಗಂಡಸಿನ ಅನ್ನೋದನ್ನ ನೋಡಿ. ಮಗನ ರಾಜ್ಯ, ಕಾಯ್ದಳು, ಕಾವಲುಗಾರ ಕಾದಂಗೆ. ಈ ಸಾಲು ಬರೆದು ಸಾವಿರ ವರ್ಷ ಆಯ್ತು, ಮತ್ತೆ ನೀವು ಯಾವುದೇ ರಾಣಿ ಬಗ್ಗೆ ಬರೆಯುವಾಗ, ಅಬ್ಬಕ್ಕ ಇರಲಿ ಚೆನ್ನಮ್ಮ ಇರಲಿ, ಹೆಣ್ಣಾದರೂ ಗಂಡಿನಂತೆ ಅಂತ ಶುರು ಮಾಡ್ತೀರಲ್ಲ, ಥೀಟ್‌ಮಾರ್‌ನ ಓದದೇನೇ ಅವನ ಸಾಲನ್ನ ಹೆಂಗೆ ಬಾಯಿಪಾಠ ಮಾಡಿದ್ರಿ? ಥಿಯೋಫಾನು ಮಾಡಿದ್ದು ಗಂಡಸಿನ ಕೆಲಸ ಆಗಿದ್ರೆ ಗಂಡಸು ಹೆನ್ರಿ ಏನು ಮಾಡ್ತಿದ್ದ ಅಂತ ಕೇಳಬೇಕಾಗತ್ತೆ.

ಜರ್ಮನಿ ಕಥೆ ನಮಗ್ಯಾಕೆ ಅನ್ನೋರಿಗೆ, ಮೈಸೂರಿನ ಪಟ್ಟಿನೂ ತೆಗೀರಿ. ನಾಲ್ವಡಿ ಕೃಷ್ಣರಾಜ ಒಡೆಯರು, 1894ರಿಂದ 1940 ಅಂತ ಬರೀತೀರಿ. 1894ರ ಡಿಸೆಂಬರ್‌ನಲ್ಲಿ ಅಪ್ಪ ಚಾಮರಾಜೇಂದ್ರ ಒಡೆಯರು ಕಲ್ಕತ್ತಾದಲ್ಲಿ ತೀರಿಕೊಂಡಾಗ ನಾಲ್ವಡಿಯವರಿಗೆ ಹತ್ತು ವರ್ಷ. ಅಧಿಕಾರ ಕೈಗೆ ಬಂದಿದ್ದು 1902ರ ಆಗಸ್ಟ್‌ನಲ್ಲಿ. ಮಧ್ಯದಲ್ಲಿ ರೀಜೆಂಟ್ ಆಗಿ ಕೂತಿದ್ದು ತಾಯಿ ಕೆಂಪನಂಜಮ್ಮಣ್ಣಿಯವರು. 1897ರಲ್ಲಿ ಹಳೇ ಅರಮನೆ ಸುಟ್ಟು ಹೋಗಿ ಈಗ ನಾವು ದಸರಾಕ್ಕೆ ಲೈಟ್ ನೋಡೋಕೆ ಹೋಗೋ ಅರಮನೆ ಕೆಲಸ ಶುರುವಾಗಿದ್ದು, 1898ರ ಪ್ಲೇಗು, ಮಾರಿಕಣಿವೆ ಅಣೆಕಟ್ಟಿನ ಕೆಲಸ, 1902ರ ಜೂನ್‌ನಲ್ಲಿ ಶಿವನಸಮುದ್ರದ ಕರೆಂಟ್ ಕೋಲಾರದ ಚಿನ್ನದ ಗಣಿ ಮುಟ್ಟಿದ್ದು, ಎಲ್ಲ ಆ ತಾಯಿಯ ಕಾಲದಲ್ಲಿ. ದಿವಾನರ ಪಾಲು ಇದೆ, ಇಲ್ಲ ಅಂದಿಲ್ಲ, ಆದ್ರೆ ರಾಜರ ಕಾಲದಲ್ಲಿ ಆದ ಕೆಲಸಕ್ಕೂ ದಿವಾನರ ಪಾಲು ಇರತ್ತೆ ಅಲ್ವಾ, ಆವಾಗ ರಾಜರ ಹೆಸರು ಬಿಟ್ಟು ಬರೀತೀರಾ? ಆ ಅಣೆಕಟ್ಟಿಗೆ ವಾಣಿವಿಲಾಸ ಸಾಗರ ಅಂತ ಅವರದೇ ಬಿರುದಿನ ಹೆಸರಿದೆ, ಎಷ್ಟು ಮಕ್ಕಳಿಗೆ ಅದು ಒಬ್ಬ ಮನುಷ್ಯರ ಹೆಸರು ಅಂತ ಗೊತ್ತು?

ನಾನು ಕೇಳ್ತಿರೋದು ದೊಡ್ಡದೇನಲ್ಲ. ಸ್ತ್ರೀಶಕ್ತಿ ಅಂತ ಬೇರೆ ಬಾಕ್ಸ್ ಮಾಡಿ ಪಿಂಕ್ ಕಲರ್ ಹಾಕಬೇಡಿ, ಅದು ಇನ್ನೂ ಬೇಜಾರು. ಪಟ್ಟಿಯಲ್ಲೇ ಸೇರಿಸಿ. ಮೂರನೇ ಒಟ್ಟೊ ಅಂತ ಬರೆದ ಸಾಲಿನ ಮುಂದೆ, ಅದೇ ಸೈಜಿನ ಅಕ್ಷರದಲ್ಲಿ, 984ರಿಂದ 991 ಥಿಯೋಫಾನು, 991ರಿಂದ 994 ಅಡೆಲ್‌ಹೈಡ್. ಎರಡು ಸಾಲು ಜಾಸ್ತಿ ಆಗತ್ತೆ ಅಷ್ಟೇ, ಜಾಗ ಸಾಲದಿದ್ರೆ ಅಕ್ಕನ ಮಗಳ ನೋಟ್ಸಲ್ಲಿ ಕೆಳಗಡೆ ನಿಮ್ಮ ಕ್ಲಾಸಿನ ಜಾಹೀರಾತು ಇದೆ, ಅದನ್ನ ಸ್ವಲ್ಪ ಸಣ್ಣ ಮಾಡಿ. ಎಕ್ಸಾಮಿಗೆ ಬರಲ್ಲ ಅನ್ನಬೇಡಿ, ಪಟ್ಟಿಯಲ್ಲಿ ಬಂದಿದ್ದೇ ಎಕ್ಸಾಮಿಗೆ ಬರೋದು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು.

ಇಂತಿ ನಿಮ್ಮ,
ಕಲೋನ್‌ನಿಂದ ಒಬ್ಬ ಸಾಗರದವನು

ತಾ.ಕ.: ಥಿಯೋಫಾನು ಬಗ್ಗೆ ಹುಡುಕಿದ ಕೂಡಲೇ, ಯುರೋಪಿಗೆ ಫೋರ್ಕ್ ತಂದ ರಾಣಿ ಅಂತ ಒಂದು ಕಥೆ ಸಿಗತ್ತೆ, ಅದನ್ನ ಮಾತ್ರ ದಯವಿಟ್ಟು ಹಾಕಬೇಡಿ. ಚಿನ್ನದ ಫೋರ್ಕಲ್ಲಿ ತಿಂದಳು ಅಂತ ಪೀಟರ್ ಡಾಮಿಯನ್ ಬೈದಿದ್ದು ಹನ್ನೊಂದನೇ ಶತಮಾನದಲ್ಲಿ, ಅದೂ ವೆನಿಸ್‌ನ ದೊರೆ ಮನೆಗೆ ಮದುವೆ ಆಗಿ ಬಂದ ಬೇರೆ ಗ್ರೀಕ್ ಹುಡುಗಿ ಬಗ್ಗೆ. ಅವಳ ಪಾಡು ಇನ್ನೊಂದು ಪತ್ರಕ್ಕೆ.